ಮಂಡಿ ನೋವಿದೆ, ಮತ್ತೆ ಕರ್ಲಿಂಗ್ ಆಡಬೇಕು: ಬಲ್ಲವರು ತಿಳಿಸಿ

ಪ್ರಶ್ನೆ: ಕೆನಡಾದಲ್ಲಿ ಓದುವಾಗ, 1990ರ ದಶಕದಲ್ಲಿ, ಕಾಲೇಜು ತಂಡದಲ್ಲಿ ಕರ್ಲಿಂಗ್ (ಐಸ್ ಮೇಲೆ ಭಾರದ ಕಲ್ಲು ಜಾರಿಸಿ ಗುರಿ ವೃತ್ತಕ್ಕೆ ತಲುಪಿಸೋ ಆಟ) ಆಡ್ತಿದ್ದೆ. ಈಗ ಐವತ್ತೈದು. ಎಡ ಮಂಡಿ ಪೂರ್ತಿ ಮಡಚೋಕೆ ಆಗಲ್ಲ. ಅಕ್ಟೋಬರ್‌ನಲ್ಲಿ ಸೀಸನ್ ಶುರುವಾದಾಗ ಕ್ಲಬ್‌ಗೆ ಸೇರೋ ಆಸೆ. ಹಳೇ ಶೂ, ಕೂದಲಿನ ಬ್ರೂಮ್ (ಜಾರೋ ಕಲ್ಲಿನ ಮುಂದೆ ಐಸ್ ಉಜ್ಜೋ ಪೊರಕೆ) ಇನ್ನೂ ಇವೆ. ಏನೇನು ಬದಲಿಸಬೇಕು?

ಉತ್ತರ 1: ಬಲಗೈಯವರಾದರೆ ಕಲ್ಲು ಬಿಡಲು ಸ್ಲೈಡ್ ಮಾಡುವಾಗ (ಬಗ್ಗಿ ಜಾರುತ್ತಾ ಹೋಗುವಾಗ) ಮೈಭಾರ ಮಡಚಿದ ಎಡಗಾಲಿನ ಮೇಲೇ ಬೀಳುತ್ತೆ. ಸ್ಟೆಬಿಲೈಸರ್ (ಸಮತೋಲನಕ್ಕೆ ಇನ್ನೊಂದು ಕೈಯಲ್ಲಿ ಹಿಡಿಯೋ ಆಸರೆ) ಹಿಡಿದರೂ ಆ ಮಂಡಿ ಮಡಚಲೇಬೇಕು. ಹಾಗಾಗಿ ನೇರವಾಗಿ ಡೆಲಿವರಿ ಸ್ಟಿಕ್‌ಗೆ ಬನ್ನಿ. ಕೋಲಿನ ತುದಿ ಕಲ್ಲಿನ ಹಿಡಿಗೆ ಕಚ್ಚಿಕೊಳ್ಳುತ್ತೆ, ಬಗ್ಗದೆ ನಡೆದುಕೊಂಡೇ ತಳ್ಳಬಹುದು. ಶೂ ತಳದ ಜಾರೋ ಸ್ಲೈಡರ್ ಬೇಡ, ಎರಡೂ ಪಾದಕ್ಕೆ ಜಾರದ ರಬ್ಬರ್ ಗ್ರಿಪ್ಪರ್ ಇರಲಿ.

ಹ್ಯಾಕ್‌ನಿಂದ (ಕಾಲು ಊರಿ ಹೊರಡೋ ಆಸರೆ) ಟೀ ಗೆರೆಗೆ (ಅದೇ ತುದಿಯ ವೃತ್ತಗಳ ನಡುವೆ ಹಾಯೋ ಅಡ್ಡ ಗೆರೆ) 3.66 ಮೀಟರ್. ನಿಮ್ಮ ಪಾದ ಆ ಗೆರೆ ದಾಟುವ ಮುಂಚೆ ಕಲ್ಲು ಕೋಲಿನಿಂದ ಬಿಟ್ಟಿರಬೇಕು, ಅಂದರೆ ಸಿಗೋದು ಮೂರು ನಾಲ್ಕು ಹೆಜ್ಜೆ ಅಷ್ಟೆ. ಹಿಡಿಯನ್ನು ಗಡಿಯಾರದ ಹತ್ತು ಗಂಟೆ ದಿಕ್ಕಿಗಿಟ್ಟು ಹೊರಡಿ, ಬಿಡುವ ಹೊತ್ತಿಗೆ ಹನ್ನೆರಡಕ್ಕೆ ತಿರುಗಿಸಿ. ಕಲ್ಲು ಬಲಕ್ಕೆ ಬಾಗುತ್ತೆ. ಎಡಕ್ಕೆ ಬೇಕಿದ್ದರೆ ಎರಡು ಗಂಟೆಯಿಂದ ಶುರು. ನಿಲ್ಲುವಷ್ಟರಲ್ಲಿ ಎರಡೂವರೆ ಮೂರು ಸುತ್ತು ತಿರುಗಿದರೆ ಸರಿ. ತಿರುವು ಕಡಿಮೆಯಾದ ಕಲ್ಲು ಎತ್ತ ಬಾಗುತ್ತೆ ಅಂತ ನಂಬೋ ಹಾಗಿಲ್ಲ.

ಎಲ್ಲರೂ ಎಡವೋದು ಕೊನೇ ಹೆಜ್ಜೆಯಲ್ಲಿ. ವೇಗ ಸಾಲದು ಅನ್ನಿಸಿ ತೋಳಿನಿಂದ ಕುಕ್ಕುತ್ತಾರೆ. ಸುಮಾರು 19 ಕಿಲೋ ಕಲ್ಲು, ಸ್ವಲ್ಪ ಓರೆಯಾಗಿ ಕುಕ್ಕಿದರೂ ಗುರಿ ತಪ್ಪುತ್ತೆ. ವೇಗ ನಡಿಗೆಯಿಂದಲೇ ಬರಬೇಕು. ತೋಳು ಚಾಚಿ ಬಿಗಿ ಹಿಡಿದು, ದೃಷ್ಟಿ ಎದುರು ತುದಿಯಲ್ಲಿ ಗುರಿ ತೋರಿಸೋ ಸ್ಕಿಪ್‌ನ (ತಂಡದ ನಾಯಕರ) ಬ್ರೂಮ್ ಮೇಲಿಟ್ಟು ನಡೆಯಿರಿ. ಯಾರಾದರೂ ಹಾಗ್ ಗೆರೆಯಿಂದ ಹಾಗ್ ಗೆರೆಗೆ (ಎರಡೂ ತುದಿಯ ವೃತ್ತಗಳ ಮುಂದಿರೋ ಅಡ್ಡ ಗೆರೆಗಳು) ಸಮಯ ನೋಡಲಿ. ಮನೆಯ (ಗುರಿ ವೃತ್ತಗಳ) ನಡುವೆ ನಿಲ್ಲೋ ಕಲ್ಲಿಗೆ ಕ್ಲಬ್ ಐಸ್‌ನಲ್ಲಿ ಸುಮಾರು 13–14 ಸೆಕೆಂಡ್ ಬೇಕು.

ಉತ್ತರ 2: ದಯವಿಟ್ಟು ಆ ಕೂದಲಿನ ಬ್ರೂಮ್ ಐಸ್ ಮೇಲೆ ತರಬೇಡಿ. ಕಲ್ಲು ಐಸ್ ಮುಟ್ಟೋದು ತಳದ ಐದರಿಂದ ಎಂಟು ಮಿಲಿಮೀಟರ್ ಅಗಲದ ಉಂಗುರದಲ್ಲಿ ಮಾತ್ರ. ಉದುರಿದ ಒಂದೇ ಕೂದಲು ಅದರಡಿ ಸಿಕ್ಕರೆ ಚೆನ್ನಾಗಿ ಬರ್ತಿದ್ದ ಕಲ್ಲು ಥಟ್ಟನೆ ಅಡ್ಡ ತಿರುಗುತ್ತೆ, ಆಟಗಾರರು ‘ಪಿಕ್’ ಅನ್ನೋದು ಇದನ್ನೇ. ಬಟ್ಟೆ ಪ್ಯಾಡ್‌ನ ಬ್ರೂಮ್ ಕೊಳ್ಳಿ. ಹಳೇ ಗ್ರಿಪ್ಪರನ್ನು ಉಗುರಿನಿಂದ ಕೆರೆದು ನೋಡಿ. ರಬ್ಬರ್ ಗಟ್ಟಿಯಾಗಿ ಪುಡಿ ಉದುರಿದರೆ ಬಿಸಾಕಿ. ಅದು ಕಾಲು ಜಾರಿಸುತ್ತೆ, ಪುಡಿ ಇನ್ನೊಬ್ಬರ ಕಲ್ಲನ್ನೂ ಕೆಡಿಸುತ್ತೆ. ಹೆಲ್ಮೆಟ್ ಹಾಕಿ, ನಾಚಿಕೆ ಬೇಡ. ಐಸ್ ಮೇಲೆ ಹಿಂದಕ್ಕೆ ಬಿದ್ದರೆ ಹಿಂದಲೆಗೆ ಪೆಟ್ಟಾಗಬಹುದು.

ಉತ್ತರ 3: ನಿಯಮಾನೂ ಬದಲಾಗಿದೆ. 2018ರಿಂದ ಐದು ಕಲ್ಲಿನ ನಿಯಮ. ಎಂಡ್‌ನ (ಆಟದ ಒಂದು ಸುತ್ತಿನ) ಮೊದಲ ಐದು ಕಲ್ಲು ಮುಗಿಯೋವರೆಗೆ ಎದುರಾಳಿಯ ಗಾರ್ಡನ್ನು (ಮನೆಯ ಮುಂದೆ ಅಡ್ಡ ನಿಂತ ಕಲ್ಲನ್ನು) ಆಟದಿಂದ ಹೊರಹಾಕುವಂತಿಲ್ಲ. ನಿಮ್ಮ ಕಾಲದ ಹಾಗೆ ಬೇಗ ಹೊಡೆದು ಖಾಲಿ ಮಾಡೋ ಆಟ ನಡೆಯಲ್ಲ. ಡ್ರಾ (ಮನೆಯೊಳಗೆ ನಿಲ್ಲೋ ಹಾಗೆ ಕಲ್ಲು ಬಿಡೋದು) ಅಭ್ಯಾಸ ಹೆಚ್ಚು ಮಾಡಿ. ಒಂದು ಗಂಡು ಒಂದು ಹೆಣ್ಣು ಸೇರಿ ಆಡೋ ಮಿಕ್ಸ್ಡ್ ಡಬಲ್ಸ್‌ಗೆ ಈಗಲೇ ಹೋಗಬೇಡಿ, ಅದರಲ್ಲಿ ಎಸೆದವರೇ ಎದ್ದು ಓಡಿ ಗುಡಿಸಬೇಕಾಗುತ್ತೆ. ಇಬ್ಬಿಬ್ಬರ ಸ್ಟಿಕ್ ಲೀಗ್ ಇದ್ದರೆ ಅದೇ ವಾಸಿ.

ಉತ್ತರ 4: ಮಂಡಿ ಕೈಕೊಟ್ಟ ವಾರ ಐಸ್ ಮೇಕರ್ (ಅಂಗಳದ ಐಸ್ ಸಿದ್ಧಮಾಡೋರು) ಜೊತೆ ನಿಂತು ಪೆಬ್ಲಿಂಗ್ (ಐಸ್ ಮೇಲೆ ನೀರಿನ ಹನಿ ಚಿಮುಕಿಸೋದು) ಕಲಿಯಿರಿ. ಬೆನ್ನಿಗೆ ಕ್ಯಾನ್, ಕೈಯಲ್ಲಿ ತೂತಿನ ತಲೆಯ ಕೊಳವೆ, ಖನಿಜ ತೆಗೆದ ಬೆಚ್ಚನೆ ನೀರು. ಹಿಂದೆ ಹಿಂದೆ ನಡೀತಾ ಕೈ ಒಂದೇ ಲಯದಲ್ಲಿ ಬೀಸಬೇಕು. ಲಯ ತಪ್ಪಿದ ಕಡೆ ಹನಿ ದಟ್ಟವೋ ತೆಳುವೋ ಆಗಿ, ಅಲ್ಲಿ ಕಲ್ಲಿನ ವೇಗವೇ ಬದಲಾಗುತ್ತೆ. ಹೆಪ್ಪುಗಟ್ಟಿದ ಹನಿಗಳ ತುದಿಯನ್ನು ನಿಪ್ಪರ್ ಅನ್ನೋ ಬ್ಲೇಡ್‌ನಿಂದ ಸವರಿದ ಮೇಲೇ ಆಟ. ಬಗ್ಗಿ ಬೆರಳಿಂದ ಆ ಹರಳು ಮುಟ್ಟಿ ನೋಡಿ, ಕಲ್ಲು ಯಾಕೆ ಜಾರುತ್ತೆ ಅಂತ ಗೊತ್ತಾಗುತ್ತೆ.