ಬಳ್ಳಾರಿ ಜಾಲಿ: ಕಡಿದಷ್ಟೂ ಚಿಗುರುತ್ತೆ, ಬುಡ ತೆಗೆಯೋದು ಹೇಗೆ?

ಒಣಬೇಸಾಯ (ಪ್ರಶ್ನೆ)
ಎರಡು ಎಕರೆ ಬೀಳು ಹೊಲ. ಬದುವಿನಿಂದ ಒಳಗಡೆಗೆ ಬಳ್ಳಾರಿ ಜಾಲಿ ಹಬ್ಬಿದೆ. ನೆಲಮಟ್ಟಕ್ಕೆ ಕಡಿಸಿದರೆ ಒಂದೇ ಮಳೆಗೆ ಬೊಡ್ಡೆ ಸುತ್ತ ಹತ್ತಾರು ಚಿಗುರು. ಪೂರ್ತಿ ತೆಗೆಯೋದು ಹೇಗೆ? ಕಾಯಿಯನ್ನು ಕುರಿ, ದನಕ್ಕೆ ಹಾಕಬಹುದಾ? ಕಿತ್ತ ಮರದಿಂದ ಇದ್ದಿಲು ಮಾಡಬಹುದಾ? ಅಂತರ್ಜಲವನ್ನೂ ಗಾಳಿಯ ತೇವವನ್ನೂ ಹೀರುತ್ತೆ ಅಂತಾರೆ, ನಿಜವೇ?

ಕೆರೆಯಂಗಳ
ಸರ್, ನೆಲಮಟ್ಟಕ್ಕೆ ಕಡಿಯೋದು ಈ ಗಿಡಕ್ಕೆ ಸವರಿ ಬಿಟ್ಟ ಹಾಗೆ. ಚಿಗುರೊಡೆಯುವ ಕಣ್ಣುಗಳು ಕಾಂಡ ಮತ್ತು ಬೇರು ಕೂಡುವ ದಪ್ಪ ಬುಡದಲ್ಲಿ, ಮಣ್ಣೊಳಗೆ ಇರುತ್ತವೆ. ಮೇಲೆ ಕಡಿದರೆ ಅವೆಲ್ಲ ಒಟ್ಟಿಗೆ ಏಳುತ್ತವೆ. ಒಂಟಿ ಕಾಂಡದ ಮರ ಪೊದೆಯಾಗುತ್ತೆ, ಮುಂದಿನ ಸಲ ಹತ್ತಿರ ಹೋಗೋದೇ ಕಷ್ಟ. ಹಾಗೆ ಕಡಿಯೋದಕ್ಕಿಂತ ಮುಟ್ಟದೆ ಬಿಡೋದು ಮೇಲು.

ಮೊದಲು ಕೊಂಬೆಗಳನ್ನು ಸವರಿ, ಸೊಂಟದೆತ್ತರ ಕಾಂಡ ಉಳಿಸಿಕೊಳ್ಳಿ. ಅದು ಮೀಟೋಕೆ, ಸರಪಳಿ ಕಟ್ಟೋಕೆ ಹಿಡಿ. ಸುತ್ತ ಮಣ್ಣು ಬಿಡಿಸಿ, ಪಕ್ಕದ ಬೇರುಗಳನ್ನು ಕೊಡಲಿಯಿಂದ ಕತ್ತರಿಸಿ, ನೆಲದಿಂದ ಒಂದು ಅಡಿ ಕೆಳಗೆ ತಾಯಿ ಬೇರು ಕಡಿಯಿರಿ. ಅದಕ್ಕೂ ಕೆಳಗಿನ ಬೇರು ಎಷ್ಟೇ ಆಳಕ್ಕೆ ಹೋಗಿರಲಿ, ಮತ್ತೆ ಚಿಗುರೋದು ಬಹಳ ಅಪರೂಪ. ಜೆಸಿಬಿ ತರಿಸಿದರೆ ಬಕೆಟ್ ಹಲ್ಲು ಬುಡದ ಹಿಂದೆ ಮಣ್ಣಿಗೆ ಇಳಿಯಬೇಕು, ಎತ್ತಿ ಕೀಳಬೇಕು. ಮುಂದಕ್ಕೆ ತಳ್ಳಿದರೆ ಕಾಂಡ ಮುರಿದು ಬುಡ ಒಳಗೇ ಉಳಿಯುತ್ತೆ. ಕೆಲಸ ಬೇಗ ಆಯ್ತು ಅಂತ ಚಾಲಕರು ಹಾಗೆ ಮಾಡೋದುಂಟು, ಪಕ್ಕದಲ್ಲಿ ನಿಂತು ನೋಡಿ.

ಮೊದಲ ಮಳೆ ಬಿದ್ದು ನೆಲ ಮೆತ್ತಗಾದಾಗ ಬೇರು ಸಲೀಸಾಗಿ ಬರುತ್ತೆ. ಬೀಜ ಮಣ್ಣಲ್ಲಿ ವರ್ಷಗಟ್ಟಲೆ ಬದುಕಿರುತ್ತೆ. ಹಾಗಾಗಿ ಕಿತ್ತ ಮೇಲೆ ನೆಲ ಖಾಲಿ ಬಿಡಬೇಡಿ, ಹುರುಳಿಯನ್ನೋ ಮೇವಿನ ಹುಲ್ಲನ್ನೋ ಒತ್ತಾಗಿ ಬಿತ್ತಿ. ನೆರಳು ಬಿದ್ದ ಕಡೆ ಜಾಲಿ ಸಸಿ ಸೊರಗುತ್ತೆ. ಮುಂಗಾರು, ಹಿಂಗಾರು ಆದ ಮೇಲೆ ಹೊಲ ಸುತ್ತಿ ಗೇಣುದ್ದದ ಸಸಿಗಳನ್ನು ಹಸಿ ನೆಲದಲ್ಲೇ ಕೀಳಿ. ಮೂರು ನಾಲ್ಕು ವರ್ಷ ಈ ಸುತ್ತಾಟ ತಪ್ಪಿದ್ದಲ್ಲ.

ನೀರಿನ ಮಾತು: ಆಳದ ತೇವ ಎಳೆಯುತ್ತೆ, ನಿಜ. ಗಾಳಿಯ ತೇವ ಹೀರಿ ಮಳೆ ತಡೆಯುತ್ತೆ ಅನ್ನೋದಕ್ಕೆ ಆಧಾರ ಇಲ್ಲ. ನಿಜವಾದ ಹಾನಿ ಕಣ್ಣೆದುರೇ ಇದೆ: ಅದರ ಕೆಳಗೆ ಹುಲ್ಲು ಬರಲ್ಲ, ಕೆರೆಯಂಗಳ ಮುಚ್ಚಿಹೋಗುತ್ತೆ, ಗೋಮಾಳದಲ್ಲಿ ದನ ನುಗ್ಗೋಕಾಗಲ್ಲ. ಇದು ನಮ್ಮ ಸೀಮೆಯ ಗಿಡವೂ ಅಲ್ಲ. 1877ರ ಸುಮಾರಿಗೆ ಜಮೈಕಾದಿಂದ ಬೀಜ ತರಿಸಿ ಕಡಪ ಕಡೆ ಸೌದೆಗೆ ಅಂತ ನೆಟ್ಟರು. ಕಚ್ಛ್‌ನ ಬನ್ನಿ ಹುಲ್ಲುಗಾವಲಿನಲ್ಲಿ ಉಪ್ಪು ನೆಲ ಮುಂದೊತ್ತದಿರಲಿ ಅಂತ 1960ರ ದಶಕದ ಆರಂಭದಲ್ಲಿ ನೆಟ್ಟದ್ದು ಈಗ ಹುಲ್ಲನ್ನೇ ನುಂಗಿದೆ.

ಕುರಿಹಟ್ಟಿ
ಕಾಯಿ ಒಳ್ಳೆ ಮೇವೇ, ಆದರೆ ಇಡಿಯಾಗಿ ಹಾಕಬೇಡಿ. ಸಿಹಿ ತಿರುಳಿಗೆ ದನ ಮುಗಿಬೀಳುತ್ತೆ, ಗಟ್ಟಿ ಬೀಜ ಅರಗದೆ ಸಗಣಿಯಲ್ಲಿ ಬೀಳುತ್ತೆ. ಹೊಟ್ಟೆಯಲ್ಲಿ ಸಿಪ್ಪೆ ಮೆತ್ತಗಾದ ಬೀಜಕ್ಕೆ ಗೊಬ್ಬರವೂ ಸಿಕ್ಕ ಹಾಗಾಯ್ತು, ಮೊಳಕೆ ಗ್ಯಾರಂಟಿ. ದನಗಳೇ ಇದನ್ನು ಊರೂರಿಗೆ ಹಂಚಿದ್ದು. ಕಾಯಿ ತಿಂದ ಮಂದೆಯನ್ನು ಶುದ್ಧ ಮಾಡಿದ ಹೊಲಕ್ಕೆ ಬಿಡುವ ಮೊದಲು ಒಂದು ವಾರ ಕೊಟ್ಟಿಗೆಯಲ್ಲೇ ಕಟ್ಟಿ ಮೇಯಿಸಿ.

ಹಳದಿ ತಿರುಗಿ ಉದುರಿದ ಕಾಯಿ ಆರಿಸಿ, ಮುರಿದರೆ ಪಟ್ ಅನ್ನುವಷ್ಟು ಒಣಗಿಸಿ, ಬೀಜ ಸಮೇತ ನುಚ್ಚಿನ ಹಾಗೆ ಬೀಸಿ. ತೇವ ಉಳಿದಿದ್ದರೆ ಸಕ್ಕರೆ ಅಂಶ ಅಂಟಾಗಿ ಗಿರಣಿಯ ಜರಡಿ ಕಟ್ಟಿಕೊಳ್ಳುತ್ತೆ. ಒಟ್ಟು ಮೇವಿನಲ್ಲಿ ಐದರಲ್ಲೊಂದು ಪಾಲು ದಾಟಿಸಬೇಡಿ. ತಿಂಗಳುಗಟ್ಟಲೆ ಕಾಯಿಯನ್ನೇ ತಿಂದ ದನದಲ್ಲಿ ದವಡೆಯ ನರ ಸೋಲುತ್ತೆ: ಜೊಲ್ಲು ಸುರಿಯುತ್ತೆ, ನಾಲಗೆ ಹೊರಗೆ ಜೋತುಬೀಳುತ್ತೆ, ಮೆಲುಕು ಹಾಕುವಾಗ ತಲೆ ಒಂದು ಪಕ್ಕಕ್ಕೆ ವಾಲಿಸಿ ಮೇವು ಉದುರಿಸುತ್ತೆ. ಅಷ್ಟು ಕಂಡರೆ ಅವತ್ತೇ ಕಾಯಿ ನಿಲ್ಲಿಸಿ, ಪಶುವೈದ್ಯರಿಗೆ ತೋರಿಸಿ. ಮುಂದುವರಿದರೆ ಗುಣವಾಗೋದು ಕಷ್ಟ.

ಸೌದೆ_ಇದ್ದಿಲು
ಹಸಿಯಾಗಿದ್ದರೂ ಉರಿಯುವ ಕಟ್ಟಿಗೆ ಇದು, ಇದ್ದಿಲಿಗೂ ಚೆನ್ನಾಗಿದೆ. ನಾಲ್ಕೈದು ಕಿಲೋ ಒಣ ಸೌದೆಗೆ ಒಂದು ಕಿಲೋ ಇದ್ದಿಲು ಅಂದುಕೊಳ್ಳಿ. ಒಂದೇ ದಪ್ಪದ ತುಂಡುಗಳನ್ನು ಸಂದಿಲ್ಲದೆ ಜೋಡಿಸಿ, ಮೇಲೆ ಹುಲ್ಲು ಹೊದಿಸಿ, ಹಸಿ ಮಣ್ಣು ಮೆತ್ತಿ, ಗಾಳಿಯಾಡೋಕೆ ತೂತು ಬಿಟ್ಟು ಬೆಂಕಿ ಹಚ್ಚಿ. ಮೊದಲು ಬರೋದು ದಟ್ಟ ಬಿಳಿ ಹೊಗೆ, ಅದು ನೀರಾವಿ. ಹೊಗೆ ತೆಳುವಾಗಿ ನೀಲಿಗೆ ತಿರುಗಿದರೆ ಸುಟ್ಟಿದೆ ಅಂತ ಅರ್ಥ, ಎಲ್ಲ ತೂತು ಮುಚ್ಚಿ. ಮಣ್ಣು ಬಿರುಕು ಬಿಟ್ಟ ಕಡೆ ಗಾಳಿ ನುಗ್ಗಿದರೆ ಒಳಗೆಲ್ಲ ಬೂದಿ, ಅದಕ್ಕೇ ರಾತ್ರಿಯೂ ಕಾವಲು ಬೇಕು. ಪೂರ್ತಿ ಆರದೆ ಬಿಚ್ಚಿದರೆ ಗಾಳಿ ತಾಗಿ ಮತ್ತೆ ಹೊತ್ತಿಕೊಳ್ಳುತ್ತೆ.

ಸ್ವಂತ ಹೊಲದ ಜಾಲಿ ಕಡಿಯೋಕೆ ತೊಂದರೆ ಇಲ್ಲ, 1976ರ ಕರ್ನಾಟಕ ಮರ ಸಂರಕ್ಷಣಾ ಕಾಯ್ದೆಯ ವಿನಾಯಿತಿ ಪಟ್ಟಿಯಲ್ಲಿದೆ. ಕೆರೆ, ಗೋಮಾಳದ್ದಾದರೆ ಪಂಚಾಯಿತಿ, ಇಲಾಖೆಯನ್ನು ಕೇಳದೆ ಕೈ ಹಾಕಬೇಡಿ.

ಮುಳ್ಳಿನ ಬಗ್ಗೆ ಹುಷಾರು. ಮೊಣಕಾಲಿನ ಕೀಲಿಗೆ ಚುಚ್ಚಿ ತುದಿ ಒಳಗೆ ಮುರಿದರೆ ಬಾವು ಇಳಿಯೋದೇ ಇಲ್ಲ. ಎಕ್ಸ್‌ರೇಯಲ್ಲಿ ಅದು ಸಾಮಾನ್ಯವಾಗಿ ಕಾಣಲ್ಲ, ಸ್ಕ್ಯಾನಿಂಗ್ ಮಾಡಿಸಬೇಕಾಗುತ್ತೆ.

ಕೆರೆಯಂಗಳ
ಒಂದು ಮಾತು ಮರೆತೆ. ಜೆಸಿಬಿ ಬರುವ ಮೊದಲೇ ಬನ್ನಿ ಮರಗಳಿಗೆ ಸುಣ್ಣ ಬಳಿದು ಗುರುತು ಮಾಡಿ. ಎಲೆ ನೋಡಿ ಮೋಸ ಹೋಗಬೇಡಿ, ಮುಳ್ಳು ನೋಡಿ. ಬಳ್ಳಾರಿ ಜಾಲಿಯದು ಎಲೆ ಹುಟ್ಟುವ ಗೆಣ್ಣಿನಲ್ಲೇ ಇರುತ್ತೆ, ಹೆಚ್ಚಾಗಿ ಜೋಡಿ, ನೇರ, ಉದ್ದ. ಬನ್ನಿಯದು ಗೆಣ್ಣುಗಳ ನಡುವೆ ಅಲ್ಲಲ್ಲಿ ಒಂಟಿಯಾಗಿ, ಬುಡ ಅಗಲ, ತುದಿ ಗಿಡ್ಡ. ಗೊಬ್ಬಳಿಯಾದರೆ ಹೂವೇ ಹೇಳುತ್ತೆ: ಅದರದು ಹಳದಿ ಗುಂಡು, ಬಳ್ಳಾರಿ ಜಾಲಿಯದು ಬೆರಳುದ್ದದ ತೆನೆ. ಆ ತೆನೆಗೆ ಜೇನು ಚೆನ್ನಾಗಿ ಬರುತ್ತೆ, ಜೇನುಪೆಟ್ಟಿಗೆ ಇಟ್ಟಿದ್ದರೆ ಹೂವು ಮುಗಿದು ಕಾಯಿ ಬಲಿಯುವುದರೊಳಗೆ ಕೀಳಿಸಿ.