ವಿನ್ಸ್, ಫ್ಲಿಂಚ್, ಕ್ರಿಂಜ್: ಯಾವುದನ್ನು ಎಲ್ಲಿ ಬಳಸೋದು?

ಮಂಡ್ಯದಿಂದ ಪ್ರಶ್ನೆ: ನಾನು ಸ್ಟಾಫ್ ನರ್ಸ್. ಹೊರದೇಶದ ಕೆಲಸಕ್ಕೆ ಅಂತ ಓಇಟಿ, ಅಂದರೆ ಆರೋಗ್ಯ ಕ್ಷೇತ್ರದವರ ಇಂಗ್ಲಿಷ್ ಪರೀಕ್ಷೆಗೆ ಓದುತ್ತಿದ್ದೇನೆ. ವಿನ್ಸ್, ಫ್ಲಿಂಚ್, ಕ್ರಿಂಜ್, ರಿಕಾಯ್ಲ್ ಅನ್ನೋ ಇಂಗ್ಲಿಷ್ ಪದಗಳು ಎಲ್ಲಾ ಒಂದೇ ಥರ ಕಾಣುತ್ತವೆ. ರೋಗಿಗೆ ನೋವಾದಾಗ ಯಾವುದನ್ನು ಬರೆಯಬೇಕು? ಅನುಭವ ಇರುವವರು ದಯವಿಟ್ಟು ತಿಳಿಸಿ.

ಮೈಸೂರಿನಿಂದ, ಇಂಗ್ಲಿಷ್ ಹೇಳಿಕೊಡುವವರು: ಅರ್ಥ ಬಾಯಿಪಾಠ ಮಾಡಬೇಡಿ ಸಿಸ್ಟರ್. ಮೈಯ ಯಾವ ಭಾಗ ಅಲುಗಿತು ಅಂತ ನೋಡಿ, ಪದ ತಾನಾಗಿ ಸಿಗುತ್ತದೆ.

ಡ್ರೆಸ್ಸಿಂಗ್ ಬಿಚ್ಚುವಾಗ ಬಟ್ಟೆ ಗಾಯಕ್ಕೆ ಅಂಟಿಕೊಂಡಿರುತ್ತದಲ್ವಾ? ಎಳೆದ ಕೂಡಲೇ ರೋಗಿ ಕಣ್ಣು ಬಿಗಿಯಾಗಿ ಮುಚ್ಚಿ, ಹಲ್ಲು ಕಚ್ಚಿ 'ಸ್ಸ್' ಅನ್ನುತ್ತಾರೆ. ಕಾಲು ಮಾತ್ರ ಇಟ್ಟಲ್ಲೇ ಇರುತ್ತದೆ. ಅದು ವಿನ್ಸ್. ಹೆಚ್ಚಾಗಿ ಮುಖದ ಮೇಲೆ ಕಾಣುತ್ತದೆ, ಒಂದು ಕ್ಷಣದಲ್ಲಿ ಮುಗಿಯುತ್ತದೆ. ಅದೇ ರೋಗಿ, ನೀವು ಸಿರಿಂಜ್ ಹತ್ತಿರ ತಂದಾಗ, ಸೂಜಿ ಇನ್ನೂ ತಾಗದೇ ಇದ್ದರೂ ತಟ್ಟನೆ ತೋಳು ಎಳೆದುಕೊಂಡರೆ ಫ್ಲಿಂಚ್. ಅದಕ್ಕೆ ನೋವೇ ಆಗಬೇಕಿಲ್ಲ, ನೋವಾಗುತ್ತದೆ ಅನ್ನೋ ಭಯ ಸಾಕು. ರಿಕಾಯ್ಲ್ ಇದಕ್ಕಿಂತ ಜೋರು. ಹೆದರಿಕೆಗೋ ಅಸಹ್ಯಕ್ಕೋ ಇಡೀ ಮೈ ಹಿಂದಕ್ಕೆ ಸರಿಯುತ್ತದೆ. ಕೌವರ್ ಅಂದರೆ ಭಯಕ್ಕೆ ಮೂಲೆಯಲ್ಲಿ ಮುದುರಿ ಕೂರುವುದು.

ಕ್ರಿಂಜ್ ಬಗ್ಗೆ ಜೋಪಾನ. ಭಯಕ್ಕೆ ಮುದುಡುವುದು ಅನ್ನೋ ಹಳೇ ಅರ್ಥ ಪುಸ್ತಕಗಳಲ್ಲಿ ಇದೆ. ಈಗಿನ ಮಾತಿನಲ್ಲಿ ಅದು ಜಾಸ್ತಿ ಬರುವುದು ಮುಜುಗರಕ್ಕೆ. ಕೇಸ್ ಶೀಟಿನಲ್ಲಿ ಅದನ್ನು ಬಿಟ್ಟುಬಿಡಿ.

ಓಇಟಿ ಸ್ಪೀಕಿಂಗ್‌ನಲ್ಲಿ ಎರಡು ರೋಲ್‌ಪ್ಲೇ ಇರುತ್ತವೆ, ಗೊತ್ತಲ್ಲ. ಅಲ್ಲಿ 'ಐ ಸಾ ಯೂ ವಿನ್ಸ್, ಡಸ್ ಇಟ್ ಹರ್ಟ್ ಹಿಯರ್?' ಅಂತ ಕೇಳಿ. ನೀವು ರೋಗಿಯ ಮುಖ ನೋಡುತ್ತಿದ್ದೀರಿ ಅನ್ನುವುದು ಆ ಒಂದು ಮಾತಿನಲ್ಲೇ ಗೊತ್ತಾಗುತ್ತದೆ.

ಮೈಸೂರಿನ ಮಕ್ಕಳ ವಾರ್ಡಿನ ನರ್ಸ್: ಮೇಡಂ ಹೇಳಿದ್ದು ಸರಿ. ಒಂದು ಮಾತು ಸೇರಿಸುತ್ತೇನೆ. ವಾರ್ಡಿನಲ್ಲಿ ಸ್ಕೇಲ್ (ರೋಗಿಯ ಸ್ಥಿತಿಗೆ ಅಂಕ ಕೊಡುವ ಪಟ್ಟಿ) ಬಳಸುವಾಗ ಅದರಲ್ಲಿರುವ ಪದವನ್ನೇ ಬರೆಯಬೇಕು. ಮಾತು ಬಾರದ ಮಗುವಿನ ನೋವು ಅಳೆಯೋಕೆ ಫ್ಲಾಕ್ ಸ್ಕೇಲ್ ಇದೆ. ಮುಖ, ಕಾಲು, ಮೈಯ ಚಲನೆ, ಅಳು, ಸಮಾಧಾನ, ಐದಕ್ಕೂ 0ಯಿಂದ 2, ಒಟ್ಟು 10. ಅಲ್ಲಿ ಮುಖ ಕಿವುಚಿದ್ದಕ್ಕೆ ಗ್ರಿಮೇಸ್ ಅಂತ ಇದೆ. ಗದ್ದ ಅದುರಿದರೆ ಕ್ವಿವರ್, ಹೊರಳಾಡಿದರೆ ಸ್ಕ್ವರ್ಮ್, ಸಣ್ಣಗೆ ನರಳುವಂತೆ ಅತ್ತರೆ ವಿಂಪರ್.

ಪ್ರಜ್ಞೆ ತಪ್ಪಿದವರ ವಿಷಯದಲ್ಲಂತೂ ಫ್ಲಿಂಚ್ ಅಂತ ಬರೆಯಲೇಬೇಡಿ ತಂಗಿ. ಪ್ರಜ್ಞೆಯ ಮಟ್ಟ ಅಳೆಯೋಕೆ 1974ರಲ್ಲಿ ಬಂದ ಗ್ಲಾಸ್ಗೋ ಕೋಮಾ ಸ್ಕೇಲಿನಲ್ಲಿ, ನೋವಾದ ಜಾಗಕ್ಕೇ ಕೈ ತಂದರೆ 'ಲೋಕಲೈಸ್', 5 ಅಂಕ. ಕೈಯನ್ನು ಸುಮ್ನೆ ಹಿಂದಕ್ಕೆ ಎಳೆದುಕೊಂಡರೆ 'ವಿತ್‌ಡ್ರಾ', 4. ಡ್ಯೂಟಿ ಬದಲಾದ ಮೇಲೆ ಬರುವ ಡಾಕ್ಟರ್ ಆ ಅಂಕ ನೋಡಿಯೇ ರೋಗಿ ಚೇತರಿಸಿಕೊಳ್ಳುತ್ತಿದ್ದಾರೋ ಕೆಡುತ್ತಿದ್ದಾರೋ ಅಂತ ತೀರ್ಮಾನಿಸುತ್ತಾರೆ.

ಮೈಸೂರಿನ ಇನ್ನೊಬ್ಬರು: ನಾನು ನರ್ಸ್ ಅಲ್ಲ. ನನಗೆ ಈ ಪದಗಳು ತಲೆಗೆ ಹತ್ತಿದ್ದು ದಸರೆಗೆ ಮುಂಚೆ ನಡೆಯುವ ಕುಶಾಲತೋಪು ತಾಲೀಮಿನಲ್ಲಿ. ವಿಜಯದಶಮಿಯ ದಿನ ಸಿಡಿಸುವ 21 ಸುತ್ತು ತೋಪಿನ ಸದ್ದಿಗೆ ಆನೆ, ಕುದುರೆಗಳು ಬೆದರದಿರಲಿ ಅಂತ ಮೊದಲೇ ಅಭ್ಯಾಸ ಮಾಡಿಸುತ್ತಾರೆ. ಸದ್ದಿಗೆ ಕುದುರೆ ಬೆಚ್ಚಿ ಕತ್ತು ಹಿಂದಕ್ಕೆಳೆದರೆ ಫ್ಲಿಂಚ್. ಹೊಸ ಆನೆ ಹೆಜ್ಜೆ ಕಿತ್ತು ಹಿಂದಕ್ಕೆ ಸರಿದರೆ ರಿಕಾಯ್ಲ್. ಪಳಗಿದ ಆನೆ ಕಿವಿ ಬೀಸುತ್ತಾ ನಿಂತೇ ಇದ್ದರೆ 'ಡಿಡ್ ನಾಟ್ ಫ್ಲಿಂಚ್'. ಹಾಂ, ಕೋವಿ ಸಿಡಿದಾಗ ಹಿಂದಕ್ಕೆ ಹೆಗಲಿಗೆ ಒದೆಯುತ್ತದಲ್ಲ, ಅದಕ್ಕೂ ರಿಕಾಯ್ಲ್ ಅಂತಲೇ ಹೇಳೋದು.