‘ಅವಾಂಗಾರ್ಡ್’ ಮತ್ತು ‘ಹಿಂದಿನ ಕಾರ್ಖಾನೆ’

ಫ್ರಾನ್ಸಿನ ನಾಂತ್ ನಗರದ ‘ಲ್ಯು ಯುನೀಕ್’ ಎಂಬ ಕಲಾಕೇಂದ್ರದ ಪರಿಚಯವನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಹಿಂದೊಮ್ಮೆ ಬಿಸ್ಕತ್ತು ತಯಾರಾಗುತ್ತಿದ್ದ ಜಾಗ ಈಗ ಅವಾಂಗಾರ್ಡ್ ಕಲೆಯ, ಎಂದರೆ ರೂಢಿಯ ಸಾಲು ಬಿಟ್ಟು ಮುಂದೆ ಹೋಗುವ ಕಲೆಯ, ನೆಲೆಯಾಗಿದೆ ಎಂಬ ಒಂದೇ ವಾಕ್ಯದಲ್ಲಿ ಎರಡು ಕಡೆ ತಡವರಿಸಿದ್ದೇನೆ.

ಮೊದಲನೆಯದು ಸಣ್ಣ ತೊಡಕು. ‘ಹಿಂದಿನ ಕಾರ್ಖಾನೆ’ ಎಂದು ಬರೆದರೆ, ಓದಿದ ಗೆಳೆಯರೊಬ್ಬರು ‘ಯಾವುದರ ಹಿಂದೆ?’ ಎಂದು ಕೇಳಿದರು. ‘ಹಳೆಯ ಕಾರ್ಖಾನೆ’ ಎಂದರೆ ಅದು ಇಂದಿಗೂ ನಡೆಯುತ್ತಿರಬಹುದು. ‘ಮಾಜಿ’ ಎಂಬುದು ಹುದ್ದೆಯಿಂದ ಇಳಿದವರಿಗೆ ಸಲ್ಲುವ ಮಾತಾದ್ದರಿಂದ ಕಟ್ಟಡಕ್ಕೆ ಹಚ್ಚಿದರೆ ನಗು ಬರುತ್ತದೆ. ಕೊನೆಗೆ ‘ಬಿಸ್ಕತ್ತು ಕಾರ್ಖಾನೆಯಾಗಿದ್ದ ಕಟ್ಟಡ’ ಎಂದು ಬರೆದೆ. ‘ಆಗಿದ್ದ’ ಎಂಬ ಒಂದು ಕೃದಂತವೇ ಕೆಲಸ ಮುಗಿಸಿತು. ಅಂದಹಾಗೆ, ಕಲೆಗೂ ಕಾರ್ಖಾನೆಗೂ ಎಣ್ಣೆ-ಸೀಗೆಕಾಯಿ ಎಂದುಕೊಳ್ಳಬೇಕಿಲ್ಲ: ಪಾರಸಿಯಿಂದ ಬಂದ ಈ ‘ಕಾರ್ಖಾನೆ’ಯೇ ಮೊಗಲರ ಕಾಲದಲ್ಲಿ ಚಿತ್ರಕಾರರು ಕುಳಿತು ಕೆಲಸ ಮಾಡುತ್ತಿದ್ದ ಅರಮನೆಯ ಕಾರ್ಯಶಾಲೆಗೂ ಹೆಸರಾಗಿತ್ತು.

ಕೇಂದ್ರದ ಹೆಸರನ್ನು ಅನುವಾದಿಸಲಿಲ್ಲ. ಅದರ ಅರ್ಥ ‘ಅನನ್ಯ ತಾಣ’ ಎಂದಾದರೂ, ಅದರ ಎರಡು ಪದಗಳ ಫ್ರೆಂಚ್ ಮೊದಲಕ್ಷರಗಳು ಕಾರ್ಖಾನೆಯ ಒಡೆಯರಾಗಿದ್ದ ಲೆಫೆವ್ರ್-ಯುಟೀಲ್ ಮನೆತನದ ‘ಎಲ್‌ಯು’ ಎಂಬ ಬಿಸ್ಕತ್ತಿನ ಗುರುತನ್ನೇ ಉಳಿಸಿಕೊಂಡಿವೆ. ಕನ್ನಡಕ್ಕೆ ತಂದರೆ ಈ ಚಮತ್ಕಾರ ಅಳಿದುಹೋಗುತ್ತದೆ. 1986ರಲ್ಲಿ ತಯಾರಿಕೆ ಬೇರೆಡೆಗೆ ಹೋಗಿ, 2000ದ ಜನವರಿ 1ರಂದು ಕೇಂದ್ರ ತೆರೆದುಕೊಂಡಿತು. ಆಗ ಜನರಿಂದ ವಸ್ತುಗಳನ್ನು ಪಡೆದು, 2100ರಲ್ಲಿ ತೆರೆಯಲೆಂದು ಅಲ್ಲಿ ಮುಚ್ಚಿಟ್ಟರು. ಆ ಸಂಗ್ರಹದ ಫ್ರೆಂಚ್ ಹೆಸರಿನಲ್ಲಿರುವ ‘ಗ್ರೆನ್ಯೆ’ ಎಂಬ ಪದಕ್ಕೆ ಅಟ್ಟವೆಂದೂ ಕಣಜವೆಂದೂ ಅರ್ಥವಿದೆ. ‘ಶತಮಾನದ ಕಣಜ’ ಎಂಬುದು ನನಗೆ ಹೆಚ್ಚು ಒಪ್ಪಿಗೆಯಾಯಿತು, ಏಕೆಂದರೆ ಬೇಡದ್ದನ್ನೂ ಅಟ್ಟಕ್ಕೆ ಹಾಕುತ್ತೇವೆ, ಕಣಜಕ್ಕೆ ಹಾಕುವುದಿಲ್ಲ.

ನಿಜವಾದ ತೊಡಕು ‘ಅವಾಂಗಾರ್ಡ್’ನದು. ದಂಡಿನ ಮುಂದೆ ಸಾಗುವ ತುಕಡಿಗೆ ಫ್ರೆಂಚಿನಲ್ಲಿದ್ದ ಈ ಪದವನ್ನು 1825ರಲ್ಲಿ ಫ್ರೆಂಚ್ ಸಮಾಜಚಿಂತಕ ಸೇಂಟ್-ಸಿಮೋನ್ ಬಳಗದ ಬರಹವೊಂದು ಕಲಾವಿದರಿಗೆ ಅನ್ವಯಿಸಿತು. ಈ ಮೂಲಾರ್ಥಕ್ಕೆ ನಮ್ಮ ‘ಮುಂಚೂಣಿ’ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಹೊಂದುತ್ತದೆ. ಹಳಗಾವ್ಯದ ‘ಚೂಣಿ’ ಸೇನೆಯ ಮುಂಭಾಗವೇ ಆದ್ದರಿಂದ ‘ಮುಂ’ ಎಂಬುದು ಒಂದು ರೀತಿಯಲ್ಲಿ ಪುನರುಕ್ತಿ. ಆದರೆ ಪತ್ರಿಕೆಗಳಲ್ಲಿ ‘ಮುಂಚೂಣಿ ನಾಯಕ’, ‘ಮುಂಚೂಣಿ ಸಂಸ್ಥೆ’ ಎಂದು ಬಳಸಿ ಬಳಸಿ, ‘ಮುಂಚೂಣಿ ಕಲಾವಿದ’ ಎಂದರೆ ಹೆಸರು, ಹಣ, ಸನ್ಮಾನ ಎಲ್ಲವೂ ದಕ್ಕಿದವನೆಂದೇ ಓದುಗರು ತಿಳಿಯುತ್ತಾರೆ. ನಾನು ಹೇಳಹೊರಟದ್ದು ಬಹುಪಾಲು ಅದಕ್ಕೆ ವಿರುದ್ಧ. ‘ನವ್ಯ’ ಎಂಬುದು ನಮ್ಮ ಸಾಹಿತ್ಯದ ಒಂದು ಘಟ್ಟಕ್ಕೆ ಅಂಕಿತವಾಗಿದೆ. ‘ಪ್ರಾಯೋಗಿಕ’ ಎಂದರೆ ವಿಜ್ಞಾನದ ಪರೀಕ್ಷೆ ನೆನಪಾಗುತ್ತದೆ. ‘ಪ್ರಯೋಗಶೀಲ’ ಪರವಾಗಿಲ್ಲ, ಆದರೆ ಸಂಪ್ರದಾಯದೊಳಗಿದ್ದೇ ಪ್ರಯೋಗ ಮಾಡುವವರೂ ಇದ್ದಾರೆ. ಸಾಲು ಬಿಟ್ಟು ಮುಂದೆ ಹೋದವರೆಂಬ ಸೂಚನೆ ಅದರಲ್ಲಿಲ್ಲ.

ಇನ್ನು ‘ಬೆಂಗಾವಲು’ ನಮಗೆ ನಿತ್ಯದ ಪದವಾಗಿರುವಾಗ, ಅದಕ್ಕೆ ಜೋಡಿಯಾಗಿ ‘ಮುಂಗಾವಲು’ ಎನ್ನಬಹುದೇ ಎಂಬ ಆಸೆಯೂ ಇದೆ. ಪದದ ಎರಡೂ ತುಂಡುಗಳು ಫ್ರೆಂಚಿನದಕ್ಕೆ ಸರಿಯಾಗಿ ಕೂಡುತ್ತವೆ. ಬೇಲಿ ಮುರಿಯುವ ಕಲೆಗೆ ಕಾವಲಿನ ಹೆಸರೇ ಎಂಬ ಅಳುಕು ಮಾತ್ರ ಉಳಿದಿದೆ. ಸದ್ಯ ಕರಡಿನಲ್ಲಿ ‘ಪ್ರಯೋಗಶೀಲ’ ಎಂದೇ ಇಟ್ಟಿದ್ದೇನೆ. ಕಲಾವಿಮರ್ಶೆಯಲ್ಲಿ ‘ಮುಂಗಾವಲು’ ಈ ಅರ್ಥದಲ್ಲಿ ಬಳಕೆಯಾದದ್ದನ್ನು ಯಾರಾದರೂ ಕಂಡಿದ್ದರೆ ದಯವಿಟ್ಟು ಪೂರ್ಣ ವಾಕ್ಯದೊಡನೆ ತಿಳಿಸಬೇಕು.